ಉಗ್ರಾಣದ ಗಿಲ್ಬರ್ಟನ ಮೂಗು

ಐಲಾ ದ್ವೀಪದ ನಮ್ಮ ವಿಸ್ಕಿ ಭಟ್ಟಿಯಲ್ಲಿ ಮೂಗು ಅಂದರೆ ಗಿಲ್ಬರ್ಟ್ ಮ್ಯಾಕಫರ್. ಮೂವತ್ತೆಂಟು ವರ್ಷ ಕಡಲಂಚಿನ ಆ ತಂಡಿ ಉಗ್ರಾಣದಲ್ಲಿ, ಪೀಪಾಯಿಗಳ ನಡುವೆಯೇ ಸವೆದ ಮನುಷ್ಯ. ಗ್ಲಾಸು ಮೂಗಿಗೆ ಹಿಡಿದನೆಂದರೆ ಮೊದಲು ಬಾರ್ಲಿ ಒಣಗಿಸಲು ಸುಡುವ ಪೀಟ್ ಎಂಬ ಜೌಗುಮಣ್ಣಿನ ಹೊಗೆ, ಅದರ ಹಿಂದೆ ಉಪ್ಪುಗಾಳಿ, ಆಮೇಲೆ ಹಿಂದೆ ಶೆರಿ ವೈನು ತುಂಬಿದ್ದ ಪೀಪಾಯಿ ಬಿಟ್ಟುಕೊಟ್ಟ ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ, ಹೀಗೆ ಒಂದೊಂದಾಗಿ ಬಿಡಿಸಿ ಹೇಳುತ್ತಿದ್ದ. ಮ್ಯಾನೇಜರ್ ಫಿನ್ಲೆ ಅವನ ಮಾತಿಗೆ ಎದುರಾಡಿದವನೇ ಅಲ್ಲ.

ಅಂಥವನಿಗೆ ಎರಡು ವರ್ಷದ ಹಿಂದೆ ಒಂದು ದರಿದ್ರ ಜ್ವರ ಬಂತು. ಜ್ವರವೇನೋ ಬಿಟ್ಟಿತು, ವಾಸನೆ ಮಾತ್ರ ವಾಪಸ್ಸು ಬರಲಿಲ್ಲ. ಬಾಣಲೆಯಲ್ಲಿ ಮೀನು ಸೀದು ಕರಕಲಾಗುತ್ತಿದ್ದರೂ ಪಕ್ಕದಲ್ಲೇ ಪೇಪರ್ ಓದುತ್ತ ಕೂತಿದ್ದ. ಹಿತ್ತಲಿಂದ ಓಡಿಬಂದ ಹೆಂಡತಿ ಡೋಲಿನಾಗೆ ಆಗ ವಿಷಯ ಹೊಳೆಯಿತು.

"ಫಿನ್ಲೆಗೆ ಹೇಳಿಬಿಡ್ರೀ."

"ಹೇಳಿದ್ರೆ ಉಗ್ರಾಣದ ಬೀಗದ ಕೈ ಕಿತ್ಕೋತಾರೆ ಕಣೆ. ಆಮೇಲೆ ನಾನ್ಯಾರು? ಗೇಟಲ್ಲಿ ನಿಂತ್ಕೊಂಡು ಪ್ರವಾಸಿಗಳಿಗೆ ದಾರಿ ತೋರಿಸ್ಲಾ?"

ಬಾಯಿಮುಚ್ಚಿಕೊಂಡು ನಾಟಕ ಶುರು ಮಾಡಿದ. ಬಣ್ಣ ನೋಡಿ ಅಂದಾಜು ಕಟ್ಟುತ್ತಿದ್ದ. ಉಳಿದದ್ದಕ್ಕೆ ಮಾರ್ಸಲಿ ಇದ್ದಳು. ಪೀಪಾಯಿಯಿಂದ ವಿಸ್ಕಿ ತೆಗೆದು ಗ್ಲಾಸಿಗೆ ಬಿಟ್ಟು ತರುವ ಕೆಲಸ ಅವಳದು. ಅವನ ಸತ್ತುಹೋದ ಗೆಳೆಯನ ಮಗಳು, ಮೂವತ್ತರ ಹತ್ತಿರದವಳು, ಬಾಯಿಬಡುಕಿ. "ಅಬ್ಬಾ, ಇದರಲ್ಲಿ ದ್ರಾಕ್ಷಿ ಎಷ್ಟು ಜೋರಾಗಿದೆ ಅಲ್ವಾ ಮಾಮ?" ಅನ್ನುವಳು. ಇವನು ಅರ್ಧ ನಿಮಿಷ ಕಣ್ಣುಮುಚ್ಚಿ, ಅದನ್ನೇ ಗಂಭೀರವಾಗಿ ಫಿನ್ಲೆಗೆ ಒಪ್ಪಿಸುವನು. ಹುಡುಗಿಗೆ ಏನೂ ತಿಳಿಯದು ಅಂದುಕೊಂಡಿದ್ದ, ಪುಣ್ಯಾತ್ಮ.

ಈ ಅಕ್ಟೋಬರಿನಲ್ಲಿ ಇಪ್ಪತ್ತೆರಡು ವರ್ಷದ ಆರು ಶೆರಿ ಪೀಪಾಯಿಗಳನ್ನು ಒಂದೇ ತೊಟ್ಟಿಗೆ ಸುರಿದು ಬೆರೆಸಬೇಕಿತ್ತು. ಪರೀಕ್ಷಿಸುವಾಗ ಗಿಲ್ಬರ್ಟ್, ಮಾರ್ಸಲಿ ಇಬ್ಬರೇ ಇದ್ದರು. ನಾಲ್ಕು ಪೀಪಾಯಿ ಮುಗಿಯಿತು. ಐದನೆಯದರ ಬಣ್ಣವೋ, ಕಾಕಂಬಿಯ ಹಾಗೆ ಕಪ್ಪು. ಮರದ ಸಾರ ಚೆನ್ನಾಗಿ ಇಳಿದಿದೆ ಅಂತ ಗಿಲ್ಬರ್ಟನಿಗೆ ನೋಡಿಯೇ ಖುಷಿಯಾಯಿತು.

"ಮಾಮ, ಇದು ಬೇಡ," ಅಂದಳು ಮಾರ್ಸಲಿ. "ಗಂಧಕ ಹತ್ತಿಬಿಟ್ಟಿದೆ. ಕೊಳೆತ ಮೊಟ್ಟೆ ನಾತ."

ಯಾವತ್ತೂ ಅಲ್ವಾ ಅಲ್ವಾ ಅನ್ನುತ್ತಿದ್ದವಳು ಇವತ್ತು ಬೇಡ ಅಂತ ತೀರ್ಪು ಕೊಟ್ಟಳಲ್ಲ! ಅವನಿಗೆ ಮೈಯೆಲ್ಲ ಉರಿದುಹೋಯಿತು.

"ಪೀಟ್ ಹೊಗೆ ಕಣೆ ಅದು! ಗಂಧಕವಂತೆ! ನೀನು ಹುಟ್ಟೋಕೆ ಮುಂಚಿಂದ ಮೂಸ್ತಾ ಇದೀನಿ. ನಂಗೆ ಪಾಠ ಹೇಳ್ತೀಯಾ?"

"ದಮ್ಮಯ್ಯ ಮಾಮ, ಇನ್ನೊಂದ್ಸಲ ನೋಡಿ."

ನೋಡಿದ. ಮೂಗಿನೊಳಗೆ ಚುರುಚುರು ಅಂದದ್ದು ಬಿಟ್ಟರೆ ಏನೂ ಇಲ್ಲ. ಸೀಮೆಸುಣ್ಣ ತೆಗೆದು ಪೀಪಾಯಿಯ ಮೇಲೆ ಆಗಬಹುದು ಅಂತ ಗುರುತು ಹಾಕಿದ. ಸಂಜೆಗೆ ಆರೂ ತೊಟ್ಟಿ ಸೇರಿದವು.

ಮರುದಿನ ಬೆಳಿಗ್ಗೆ ಫಿನ್ಲೆ ತೊಟ್ಟಿಯ ಮುಚ್ಚಳ ತೆಗೆದವನು ಹಾಗೇ ಹಿಂದೆ ಸರಿದ. ಒಂದು ಕೆಟ್ಟ ಪೀಪಾಯಿ ಉಳಿದ ಐದನ್ನೂ ಕೆಡಿಸಿತ್ತು. ಇಪ್ಪತ್ತೆರಡು ವರ್ಷ ಕಾದದ್ದು ಒಂದೇ ರಾತ್ರಿಗೆ ಮಣ್ಣುಪಾಲು. ಇಬ್ಬರನ್ನೂ ಕರೆಸಿದ.

"ಗಿಲ್ಬರ್ಟ್, ನೀವು ಮೂಸಿದ್ರಲ್ವಾ? ಇದು ಹೇಗ್ರೀ ತಪ್ಪಿಸ್ಕೊಳ್ತು?"

ಮಾರ್ಸಲಿ ಗಿಲ್ಬರ್ಟನ ಮುಖವನ್ನೇ ನೋಡುತ್ತ ನಿಂತಳು. ನಿಜ ಹೇಳುವುದಕ್ಕೆ ಅವನಿಗೆ ಸಿಕ್ಕ ಗಳಿಗೆ ಅದೊಂದೇ.

"ಇವಳು ತಂದ ಗ್ಲಾಸಲ್ಲಿ ಈ ನಾತ ಇರ್ಲಿಲ್ಲಪ್ಪ," ಅಂದ. "ಬೇರೆ ಪೀಪಾಯಿದು ತಂದ್ಬಿಟ್ಲೋ ಏನೋ."

ಫಿನ್ಲೆ ಕ್ಷಣಕಾಲವೂ ಅನುಮಾನಿಸಲಿಲ್ಲ. ಸಂಜೆಯೊಳಗೆ ಅವಳ ಕೆಲಸ ಹೋಯಿತು.

ಕೋಟು ಹಾಕಿಕೊಂಡು ಅವಳು ಉಗ್ರಾಣದ ಬಾಗಿಲಿಗೆ ಬಂದಳು. ಬೈಯುತ್ತಾಳೆ ಅಂತ ಕಾದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಎರಡು ವರ್ಷದಿಂದ ಒಂದೊಂದು ಗ್ಲಾಸಲ್ಲೂ ಏನಿದೆ ಅಂತ ನಿಮಗೆ ಹೇಳ್ಕೊಂಡೇ ಬಂದೆನಲ್ಲ ಮಾಮ. ಸುಮ್ನೆ ಹರಟೆ ಹೊಡೀತಾಳೆ ಅಂದ್ಕೊಂಡಿದ್ರಾ?"

ಅವನಿಗೆ ನಿಲ್ಲು ಮಗಳೇ ಅನ್ನಬೇಕೆನ್ನಿಸಿತು, ಫಿನ್ಲೆಯ ಕೋಣೆಗೆ ಓಡಬೇಕೆನ್ನಿಸಿತು. ಜೇಬಿನಲ್ಲಿದ್ದ ಬೀಗದ ಕೈ ಹಿಡಿದುಕೊಂಡು ಅಲ್ಲೇ ನಿಂತ. ಅವಳು ಹೋದಳು.

ಸೋಮವಾರ ಫಿನ್ಲೆ ತಾನೇ ಒಂದು ಗ್ಲಾಸು ತಂದು ಎದುರಿಗಿಟ್ಟು, ಕೈಕಟ್ಟಿ ಸುಮ್ಮನೆ ನಿಂತ. ಗಿಲ್ಬರ್ಟ್ ಕಣ್ಣುಮುಚ್ಚಿ ಕಾದ. ಯಾರೂ ಏನೂ ಹೇಳಲಿಲ್ಲ.

"ಚೆನ್ನಾಗಿದೆ," ಅಂದ.