ಒಂದೇ ಗುಂಡಿ ಕೇಳುವವರ ಅಂಗಡಿ

"ನಾಲ್ಕನೇ ಕ್ಲಾಸು ಓದಿದವನ ಕೈಗೆ ಕಂಪ್ಯೂಟರ್ ಕೊಟ್ರೆ ಇನ್ನೇನಾಗುತ್ತೆ? ಇವನಿಗೆ ಗುಂಡಿ ಎಣಿಸೋಕೂ ಬರಲ್ಲ."

ಹೀಗೆಂದದ್ದು ಅಂಗಡಿ ಯಜಮಾನರ ಒಬ್ಬನೇ ಅಳಿಯ, ಎಲ್ಲರ ಬಾಯಲ್ಲಿ 'ಅಳಿಯಂದಿರು'. ಅನ್ನಿಸಿಕೊಂಡವರು ಅದೇ ಅಂಗಡಿಯಲ್ಲಿ ಮೂವತ್ತನಾಲ್ಕು ವರ್ಷದಿಂದ ಗುಂಡಿ ಎಣಿಸುತ್ತಲೇ ಬಂದಿರುವ, ಐವತ್ತೆಂಟರ ಮನುಷ್ಯ. ಯಜಮಾನರಿದ್ದರು, ಅವರ ಹೆಂಡತಿ ಇದ್ದರು, ಮೂವರು ಕೆಲಸಗಾರರಿದ್ದರು. ಬ್ಯಾಗಿಗೆ ಜಿಪ್ ಕೊಳ್ಳಲು ಹೋದ ನಾನೂ ಇದ್ದೆ. ಯಾರೂ ತುಟಿ ಬಿಚ್ಚಲಿಲ್ಲ. ನಾನೂ ಬಿಚ್ಚಲಿಲ್ಲ. ಆ ಸಿಟ್ಟು ಇನ್ನೂ ಆರಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮರುದಿನ ಬೆಳಗಿನ ಐದೂಮುಕ್ಕಾಲಿಗೆ ಅವರು ಅಂಗಡಿಯ ಷಟರನ್ನು ಸೊಂಟದ ಮಟ್ಟಕ್ಕೆ ಎತ್ತಿ, ಬಗ್ಗಿ ಒಳಗೆ ನುಸುಳುತ್ತಾರೆ. ಬಂದು ನೋಡಬಹುದೇ ಎಂದು ಹಿಂದಿನ ಸಂಜೆ ಅವರನ್ನು ಕೇಳಿಕೊಂಡಿದ್ದ ನಾನೂ ನುಸುಳುತ್ತೇನೆ. ಎರಡೂ ಗೋಡೆಗೆ ನೆಲದಿಂದ ಮಾಳಿಗೆವರೆಗೆ ಮರದ ಡ್ರಾಯರುಗಳು, ಒಟ್ಟು ಸಾವಿರದ ನೂರ ಅರವತ್ತು. ಪ್ರತಿಯೊಂದರ ಮೂತಿಗೂ ಒಳಗಿರುವಂಥದೇ ಒಂದು ಗುಂಡಿಯನ್ನು ಅಂಟಿಸಿದ್ದಾರೆ. ಅವರು ಬೆರಳು ಒರೆಸಿಕೊಂಡು ಕಂಪ್ಯೂಟರ್ ಮುಂದೆ ಕೂರುತ್ತಾರೆ. ಒಂದು ಡ್ರಾಯರು ಎಳೆಯುತ್ತಾರೆ, ಎಣಿಸುತ್ತಾರೆ, ಒಂದೇ ಬೆರಳಲ್ಲಿ ಒತ್ತುತ್ತಾರೆ. ಮತ್ತೆ ಇನ್ನೊಂದು.

ಎಲ್ಲರೂ ಅವರನ್ನು ಕರೆಯುವುದು ಕಣ್ಣಳತೆ ಮಾಮ ಎಂದು. ಗಿರಾಕಿ ಅಂಗೈಯಲ್ಲಿ ಒಡೆದ ಗುಂಡಿ ಹಿಡಿದು ನಿಂತರೆ ಇವರು ಸ್ಕೇಲು ಹುಡುಕುವುದಿಲ್ಲ. ನೋಡುತ್ತಾರೆ, ತಿರುಗುತ್ತಾರೆ, ಡ್ರಾಯರು ಎಳೆಯುತ್ತಾರೆ. ದಿನಕ್ಕೆ ಎಪ್ಪತ್ತು ಎಂಬತ್ತು ಜನ ಬರುತ್ತಿದ್ದರಂತೆ. ಈಗ ಹದಿನೈದು. ತಿಂಗಳ ಕೊನೆಗೆ ಈ ಕೌಂಟರ್ ಮುಚ್ಚುತ್ತದೆ, ಮುಂದೆಲ್ಲ ಆನ್‌ಲೈನ್. ಅದಕ್ಕೆ ಯಾವ ಕಾರ್ಟ್ ಸಾಫ್ಟ್‌ವೇರ್, ಅಂದರೆ ಗಿರಾಕಿ ಆರಿಸಿದ್ದನ್ನು ತುಂಬಿಕೊಳ್ಳುವ ಗಾಡಿ, ಹಿಡಿಯಬೇಕು ಎಂದು ನೋಡುವ ಕೆಲಸ ಯಾರಿಗೂ ಬೇಡವಾಗಿತ್ತು. ಅಳಿಯಂದಿರಿಗೆ ಪುರುಸೊತ್ತಿರಲಿಲ್ಲ. ಬೇಡವಾದ ಕೆಲಸವೆಲ್ಲ ಎಲ್ಲಿಗೆ ಬಂದು ಬೀಳುತ್ತದೋ ಇದೂ ಅಲ್ಲಿಗೇ ಬಂದು ಬಿತ್ತು.

"ನಮ್ಮನೆಯವಳು ನಗ್ತಿದ್ಲು," ಎನ್ನುತ್ತಾರೆ ಮಾಮ. "ಬಾಗಿಲೇ ಇಲ್ಲದ ಅಂಗಡಿಗೆ ಗಾಡಿ ಹುಡುಕೋಕೆ ಹೊರಟ್ರು ನೋಡು ಅಂತ."

ಇಪ್ಪತ್ತು ಬೆಳಗು ಅವರು ನಾಲ್ಕು ಸಾಫ್ಟ್‌ವೇರ್‌ಗಳನ್ನು ಬಿಟ್ಟಿಯಾಗಿ ಬಳಸಲು ಕೊಡುವ ದಿನಗಳಲ್ಲಿ ಪರೀಕ್ಷಿಸಿದ್ದಾರೆ. ತಮ್ಮ ಒಡಕು ಫೋನಿನಿಂದ ತಾವೇ ಗಿರಾಕಿಯಾಗಿ ಕೊಂಡು ನೋಡಿದ್ದಾರೆ. ಒಂದರಲ್ಲಿ ಒಂದು ಗುಂಡಿ ಕೊಳ್ಳಲು ಹನ್ನೊಂದು ಸಲ ಒತ್ತಬೇಕು. ಇನ್ನೊಂದರಲ್ಲಿ ಬಣ್ಣ ಕೇಳಿದರೆ ಅಳತೆ ಕೇಳಲಾಗದು. ಮೂರನೆಯದು ನೋಡಲು ಮದುವಣಗಿತ್ತಿ ಹಾಗಿದೆ, ಆದರೆ ಗಿರಾಕಿ ಎರಡು ಮಾತು ಬರೆಯಬೇಕೆಂದರೆ ಅದಕ್ಕೆ ಬೇರೆ ಬಾಡಿಗೆ. ನಾಲ್ಕನೆಯದು ಸಾದಾ. ಆದರೆ ಅದರಲ್ಲೊಂದು ಚೌಕವಿದೆ: ಗಿರಾಕಿ ಅಲ್ಲಿ ಬರೆಯಬಹುದು, ತನ್ನ ಗುಂಡಿಯ ಫೋಟೋ ಹಾಕಬಹುದು. ಮಾಮ ಅದನ್ನೇ ಆರಿಸಿದರು. ಆ ಚೌಕ ಒಬ್ಬ ಹೆಂಗಸಿಗಾಗಿ.

ಆಕೆ ತಿಂಗಳಿಗೊಮ್ಮೆ ಬರುತ್ತಿದ್ದರು, ಒಂದೇ ಒಂದು ಕಂದು ಗುಂಡಿಗಾಗಿ. ಮನೆಯಲ್ಲಿ ಗಂಡನಿಗೆ ನೆನಪು ಹೋಗಿದೆ. ಕೋಟಿನ ಎರಡನೇ ಗುಂಡಿಯನ್ನು ತಿರುಚಿ ತಿರುಚಿ ಕಿತ್ತು ಕಿಟಕಿಯಿಂದ ಎಸೆಯುತ್ತಾರೆ. ಆಮೇಲೆ ಅದೇ ಗುಂಡಿ ಬೇಕೆಂದು ಊಟ ಬಿಡುತ್ತಾರೆ. ಅಂಥದ್ದನ್ನು ಈಗ ಯಾರೂ ತಯಾರಿಸುವುದಿಲ್ಲ. ಹಿಂದಿನ ಕೋಣೆಯಲ್ಲಿ ಉಳಿದ ಬಿಡಿ ಗುಂಡಿಗಳ ಹನ್ನೆರಡು ಚೀಲಗಳಿವೆ. ಮಾಮ ಅದರೊಳಗೆ ಕೈಯಾಡಿಸಿ ಹುಡುಕಿಕೊಡುತ್ತಿದ್ದರು. ಸ್ವಲ್ಪ ಬೇರೆಯದಾದರೆ ಆಕೆ ವಾಪಸು ತರುತ್ತಿದ್ದರು.

"ಆಯಮ್ಮ ಒಂದಿನ ಹೇಳಿದ್ರು, ನನ್ನ ಗುರುತು ಹಿಡಿಯಲ್ಲಪ್ಪ, ಗುಂಡಿ ಗುರುತು ಮಾತ್ರ ಹಿಡೀತಾರೆ ಅಂತ. ಈಗ ಅವರಿಗೆ ಮಂಡಿ ನೋವು, ಮೆಟ್ಟಿಲು ಇಳಿಯೋಕಾಗಲ್ಲ. ಫೋನಲ್ಲೇ ಫೋಟೋ ಹಾಕಿದ್ರೆ ಸಾಕಲ್ವಾ, ನಾನು ಹುಡುಕ್ತೀನಿ."

ಹಾಗಾದರೆ ಅವತ್ತು ಆದದ್ದೇನು? ಈ ಅಂಗಡಿಯಲ್ಲಿ 'ಒಂದು' ಎಂದರೆ ಒಂದು ಡಬ್ಬಿ, ಹನ್ನೆರಡು ಡಜನ್, ನೂರ ನಲವತ್ತನಾಲ್ಕು ಗುಂಡಿ. ಒಂಟಿ ಗುಂಡಿಗೆ ಇಲ್ಲಿ 'ಬಿಡಿ' ಎನ್ನುತ್ತಾರೆ. ಯಜಮಾನರ ಅಪ್ಪನ ಕಾಲದ ದಾಸ್ತಾನು ಪುಸ್ತಕದಲ್ಲೂ ಹಾಗೇ. ಮಾಮ ಸಾಫ್ಟ್‌ವೇರ್‌ನಲ್ಲೂ ಕೈರೂಢಿಯಂತೆ ಡಬ್ಬಿಗೆ ಒಂದು ಎಂದೇ ತುಂಬಿದರು. ಅದಕ್ಕೇನು ಗೊತ್ತು? ಒಂದು ಅಂದರೆ ಒಂದೇ ಗುಂಡಿ ಅಂದುಕೊಂಡಿತು. ಎಲ್ಲರ ಮುಂದೆ ಯಜಮಾನರ ಹೆಂಡತಿ ಫೋನಿನಿಂದ ಒಂದು ಬಿಳಿ ಗುಂಡಿ ಕೊಂಡರು. ಪರದೆ 'ದಾಸ್ತಾನು ಮುಗಿದಿದೆ' ಎಂದಿತು. ನೀಲಿ ಕೊಂಡರು, ನೀಲಿಯೂ ಮುಗಿಯಿತು. ತುಂಬಿ ತುಳುಕುವ ಡ್ರಾಯರುಗಳ ನಡುವೆ ನಿಂತು ಅಳಿಯಂದಿರು ನಕ್ಕರು. ಆಮೇಲೆ ಆ ಮಾತು.

ನಾಲ್ಕು ಬೆಳಗು ಕೂತು ಮಾಮ ಸಾವಿರದ ನೂರ ಅರವತ್ತನ್ನೂ ತಿದ್ದುತ್ತಾರೆ. ತಾವೇ ಕೊಂಡು ನೋಡುತ್ತಾರೆ. ಸರಿಯಾಗಿದೆ. ನಾಲ್ಕನೇ ದಿನ ಅಳಿಯಂದಿರನ್ನು ಕರೆದು, ಒಂದು ಸಲ ನೋಡಿಬಿಡಿ ಎನ್ನುತ್ತಾರೆ. ಮದುವಣಗಿತ್ತಿ ಹಾಗಿದ್ದ ಆ ಮೂರನೆಯದಕ್ಕೆ ಎರಡನೇ ದಿನವೇ ವರ್ಷದ ಚಂದಾ ಕಟ್ಟಿಯಾಗಿದೆ ಎಂಬ ಉತ್ತರ ಬರುತ್ತದೆ. ಬರೆಯುವ ಚೌಕ ತೆಗೆದುಕೊಂಡಿಲ್ಲ. ಎಲ್ಲವೂ ಡಜನ್ ಪ್ಯಾಕೆಟ್. ಬಿಡಿ ಚೀಲಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತವೆ. ಎರಡು ದಿನದಿಂದ ಈ ಮನುಷ್ಯ ಯಾರೂ ತೆರೆಯದ ಅಂಗಡಿಗೆ ಗುಂಡಿ ಎಣಿಸುತ್ತಿದ್ದರು. ಹೇಳಲು ಒಬ್ಬನಿಗೂ ಬಾಯಿ ಬರಲಿಲ್ಲ.

ನಾನು ಕೂಗಾಡುತ್ತೇನೆ. ಮಾಮ ನನ್ನನ್ನೇ ಸಮಾಧಾನ ಮಾಡುತ್ತಾರೆ. "ತಪ್ಪು ನಂದೇ ಅಲ್ವಾ. ಮೊದಲೇ ಬಿಡಿ ಲೆಕ್ಕದಲ್ಲಿ ಬರೀಬೇಕಿತ್ತು. ಆ ಒಂದು ಚೌಕ ಇದ್ದಿದ್ರೆ ಸಾಕಿತ್ತು ನೋಡು, ಇನ್ನೇನೂ ಬೇಕಿರಲಿಲ್ಲ."

ಕೌಂಟರಿನ ಕೊನೆಯ ದಿನ. ಸೋಮವಾರದಿಂದ ಅವರಿಗೆ ಗೋದಾಮಿನಲ್ಲಿ ಪ್ಯಾಕೆಟ್ ಅಂಟಿಸುವ ಕೆಲಸ. ತೂಕದವರು ಬರುವ ಮೊದಲು ಯಜಮಾನರನ್ನು ಕೇಳಿ ಹನ್ನೆರಡೂ ಚೀಲಗಳನ್ನು ನೆಲಕ್ಕೆ ಸುರಿದುಕೊಂಡು ಕೂತಿದ್ದಾರೆ. ಬೆಳಗಿನಿಂದ ಸಂಜೆವರೆಗೆ ಹುಡುಕಿ ಸಿಕ್ಕಿದ್ದು ಏಳು ಕಂದು ಗುಂಡಿ.

"ಏಳು ತಿಂಗಳಿಗಾಯ್ತು," ಎನ್ನುತ್ತಾರೆ.

ಏಳನ್ನೂ ಕಾಗದದಲ್ಲಿ ಸುತ್ತಿ ಜೇಬಿಗಿಟ್ಟು ಎದ್ದಾಗ ಮಂಡಿ ಲಟಕ್ಕೆನ್ನುತ್ತದೆ. ಬಾಗಿಲಲ್ಲಿ ಅಳಿಯಂದಿರು ನಿಂತಿದ್ದಾರೆ, ಹಿಂದೆ ಮೂವರು ಕೆಲಸಗಾರರು.

"ಏನ್ ಮಾಮ, ಜೇಬಲ್ಲಿ ಎಷ್ಟಿದೆ? ಒಂದಾ, ನೂರ ನಲವತ್ತನಾಲ್ಕಾ?"

ನಗುವುದು ಅವರೊಬ್ಬರೇ. ಮಾಮ ಕಣ್ಣೆತ್ತಿ ಅಳಿಯಂದಿರ ಅಂಗಿಯನ್ನು ನೋಡುತ್ತಾರೆ. ಮೇಲಿನಿಂದ ಮೂರನೇ ಗುಂಡಿ ಉಳಿದವಕ್ಕೆ ಹೊಂದುವುದಿಲ್ಲ, ನನಗೂ ಆಗಷ್ಟೇ ಕಾಣುತ್ತದೆ. ಮಾಮ ಜೇಬಿನ ಮೇಲೆ ಕೈಯಿಟ್ಟುಕೊಂಡು ಪಕ್ಕದಿಂದ ದಾಟಿ, ರಸ್ತೆಗೆ ಇಳಿದು, ಆಯಮ್ಮನ ಮನೆಯ ಕಡೆ ನಡೆಯುತ್ತಾರೆ.