ಫ್ರೀಜರಿಗೆ ಒಂದು ದಿನದ ರಜೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಸೇಲಂನ ನಮ್ಮ ಮಗ್ಗದ ಬೀದಿಗೆಲ್ಲ ಗೊತ್ತು. ಹಾಲಿನವನಿಂದ ಹಿಡಿದು ಕಾಲೇಜಿನ ಕ್ಲರ್ಕಿನವರೆಗೆ ನನ್ನ ಬಾಯಿಗೆ ಸಿಗದವರಿಲ್ಲ. ಅಂಥವಳು ಒಂದು ವಿಷಯದಲ್ಲಿ ಮಾತ್ರ ಬಾಯಿಗೆ ಬೀಗ ಹಾಕಿಕೊಂಡಿದ್ದೇನೆ.

ಅಪ್ಪ ಮಗ್ಗ ಬಿಟ್ಟ ಮೇಲೆ, ನಾನು ಪಿಎಚ್.ಡಿ. ಮಾಡುತ್ತಿದ್ದ ಕಾಲೇಜಿಗೇ ವಾಚ್‌ಮನ್ ಆಗಿ ಸೇರಿಕೊಂಡ. ಲ್ಯಾಬಿನ ಬೀಗದ ಕೈ ಅವನ ಸೊಂಟದಲ್ಲೇ ಇರುತ್ತಿತ್ತು. ಒಳಗೆ ನನ್ನ ಕೆಲಸ ದಕ್ಷಿಣ ಧ್ರುವ ಪ್ರದೇಶದ ಕೆಸರಿನ ಜೊತೆ. ವರ್ಷವಿಡೀ ಐಸು ಮುಚ್ಚಿಕೊಂಡಿರುವ ಒಂದು ಪುಟ್ಟ ಕೆರೆಯ ತಳದಿಂದ ನನ್ನ ಗೈಡಿನ ಸ್ನೇಹಿತರೊಬ್ಬರು ತಂದುಕೊಟ್ಟ ಕೆಸರು. ಬೆರಳುದ್ದದ ಕೆಲವು ಟ್ಯೂಬುಗಳು, ಅಷ್ಟೇ. ಆ ಕೆರೆಯದು ಬೇರೆ ಯಾವ ಲ್ಯಾಬಿನಲ್ಲೂ ಇರಲಿಲ್ಲ.

ಆ ಕತ್ತಲ ಚಳಿಯಲ್ಲಿ ಎಂಥ ಸೂಕ್ಷ್ಮಜೀವಿಗಳಿವೆ, ಏನು ತಿಂದು ಬದುಕುತ್ತವೆ ಎಂದು ಯಾರಿಗೂ ಗೊತ್ತಿಲ್ಲ. ಲ್ಯಾಬಿನ ತಟ್ಟೆಯಲ್ಲಿ ಹಾಕಿ ಬೆಳೆಸುತ್ತೇನೆಂದರೆ ಅವು ಬೆಳೆಯುವುದಿಲ್ಲ. ಹಾಗಾಗಿ ಕೆಸರಿನಿಂದ ನೇರವಾಗಿ ಡಿಎನ್‌ಎ ತೆಗೆದು, ಸೀಕ್ವೆನ್ಸರ್ ಎಂಬ ಯಂತ್ರದಲ್ಲಿ ಚೂರು ಚೂರಾಗಿ ಓದಿಸಿ, ಆ ಚೂರುಗಳನ್ನು ಜೋಡಿಸಿ ಇದು ಇಂಥ ಜೀವಿ ಎಂದು ಪತ್ತೆಹಚ್ಚಬೇಕು. ಅಪ್ಪನಿಗೆ ಹೇಳಿದಾಗ ತಕ್ಷಣ ಅರ್ಥವಾಗಿತ್ತು. "ಅರ್ದೋದ ಸೀರೆ ಚೂರು ನೋಡಿ ಯಾವ ಬುಟ್ಟಾ ಅಂತ ಯೋಳ್ದಂಗೆ," ಅಂದಿದ್ದ. ಕೆಸರು ಒಮ್ಮೆ ಕರಗಿತೆಂದರೆ ಈ ಚೂರುಗಳೂ ಪುಡಿಪುಡಿ. ಅದಕ್ಕೇ ಅದನ್ನು ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರಿನಲ್ಲಿ ಇಟ್ಟಿದ್ದೆವು. ಇದನ್ನು ಮಾತ್ರ ಅಪ್ಪನಿಗೆ ಹೇಳಬೇಕೆಂದು ನನಗೆ ಹೊಳೆಯಲಿಲ್ಲ. ವಾಚ್‌ಮನ್ನಿಗೆ ಫ್ರೀಜರಿನ ಪಾಠ ಯಾರು ಮಾಡುತ್ತಾರೆ?

ಡಿಎನ್‌ಎ ತೆಗೆಯುವ ರಾಸಾಯನಿಕಗಳೆಲ್ಲ ಬಂದು ಸೇರಿದಾಗ ನವರಾತ್ರಿ. ವಿಜಯದಶಮಿಯ ದಿನವೇ ಶುರು ಮಾಡೋಣ ಎಂದರು ಗೈಡ್. ಮಕ್ಕಳಿಗೆ ಅಕ್ಷರ ತಿದ್ದಿಸುವ ದಿನ, ಒಳ್ಳೆಯದೇ ಎಂದುಕೊಂಡು ನಾನು ಪೆನ್ನಾಗರಂನ ದೊಡ್ಡಮ್ಮನ ಮನೆಗೆ ಹೋಗಿ ಹಬ್ಬದೂಟ ಉಂಡು ಬಂದೆ.

ವಿಜಯದಶಮಿ ಬೆಳಿಗ್ಗೆ ಅಪ್ಪ ಹೊಸ ವೇಷ್ಟಿ ಉಟ್ಟು, ಕೈಯಲ್ಲಿ ಪೊರಿ-ಕಡಲೆಯ ಪೊಟ್ಟಣ ಹಿಡಿದು ಲ್ಯಾಬಿನ ಬಾಗಿಲಲ್ಲೇ ನಿಂತಿದ್ದ. ಫ್ರೀಜರಿನ ಬಾಗಿಲಿಗೆ ಗಂಧ ಬಳಿದು ಕುಂಕುಮ ಇಟ್ಟಿತ್ತು. ಹಿಡಿಗೆ ಒಂದು ಸೇವಂತಿಗೆ ಹೂ.

"ನಿನ್ನ ಆಯುಧಕ್ಕೂ ಪೂಜೆ ಮಾಡ್ದೆ ಕಣ್ಣು," ಅಂದ. ಮುದ್ದಿಗೆ ನಾನು ಅವನಿಗೆ ಯಾವಾಗಲೂ ಕಣ್ಣು. "ನಿನ್ನೆ ಬೆಳಿಗ್ಗೆ ಆಫ್ ಮಾಡಿ, ಇವತ್ತು ನಸುಕಿಗೆ ಮರುಪೂಜೆ ಆದ್ಮೇಲೆ ಸ್ವಿಚ್ ಆಕ್ದೆ. ಪಾವಂ, ವರ್ಸವೆಲ್ಲಾ ದುಡೀತೈತೆ. ನಡುವೆ ಕುಯ್ಯೋ ಅಂತ ಕೂಗ್ಕೊಂತು. ಯಾವ್ದೋ ಬಟನ್ ಒತ್ತಿ ಅದ್ನೂ ಮಲಗಿಸ್ದೆ."

ಕೂಗಿಕೊಂಡದ್ದು ಅಲಾರಂ.

ನಮ್ಮ ಮನೆಯಲ್ಲಿ ಆಯುಧಪೂಜೆಯ ದಿನ ಮಗ್ಗ ಮಿಸುಕುವ ಹಾಗಿಲ್ಲ. ಲಾಳಿ ಮುಟ್ಟಿದರೆ ಕೈ ಮೇಲೆ ಏಟು ಬೀಳುತ್ತಿತ್ತು. ಪುಸ್ತಕವನ್ನೂ ದೇವರ ಮುಂದೆ ಇಟ್ಟ ಮೇಲೆ ತೆರೆಯುವ ಹಾಗಿಲ್ಲ. ಅನ್ನ ಕೊಡುವ ವಸ್ತುವನ್ನು ಆವತ್ತೂ ದುಡಿಸುವುದು ಪಾಪ. ನಾನು ಊರಿಗೆ ಹೋಗಿ ಆ ಪಾಪ ಕಟ್ಟಿಕೊಳ್ಳುತ್ತಿದ್ದೇನೆಂದು ಅಪ್ಪ ನನ್ನ ಬದಲು ತಾನು ನಿಂತು ಮಾಡಿದ್ದ.

ಫ್ರೀಜರ್ ತೆಗೆದೆ. ಟ್ಯೂಬುಗಳಲ್ಲಿ ಮೊದಲು ಕೆಸರೂ ಐಸೂ ಕಲಸಿಕೊಂಡು ಗಟ್ಟಿಯಾಗಿ ಕೂತಿದ್ದವು. ಈಗ ಕೆಸರೆಲ್ಲ ತಳ ಸೇರಿ, ಅದರ ಮೇಲೆ ತಿಳಿ ನೀರು ಆಗಷ್ಟೇ ಹೆಪ್ಪುಗಟ್ಟಲು ಶುರುವಾಗಿತ್ತು. ಪೂರ್ತಿ ಕರಗಿದ್ದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ನಾನು ಕಿರುಚಿಕೊಂಡೆ. ಏನೆಂದು? "ಬಾಗಿಲಿಗೆಲ್ಲಾ ಯಾಕಪ್ಪಾ ಕುಂಕುಮ ಮೆತ್ತಿದೆ?" ಎಂದು. ಕೆಸರಿನ ಮಾತು ಎತ್ತಲೇ ಇಲ್ಲ. ಅಪ್ಪ ಗಾಬರಿಯಾಗಿ ಹೆಗಲ ಟವೆಲ್ ತೆಗೆದು ಉಜ್ಜತೊಡಗಿದ. "ತಪ್ಪಾಯ್ತು ಕಣ್ಣು, ಕಲೆ ಆಯ್ತದೆ ಅಂತ ಗೊತ್ತಾಗ್ಲಿಲ್ಲ," ಅಂದ. ಹೊಸ ವೇಷ್ಟಿಗೂ ಕೆಂಪು ಹತ್ತಿತು. ಅದನ್ನು ನೋಡಿ ನನಗೆ ಅಳು ಬಂತು. ಕೋಪಕ್ಕೆ ಅಳುತ್ತಿದ್ದಾಳೆಂದು ಅಪ್ಪ ಇನ್ನೂ ಜೋರಾಗಿ ಉಜ್ಜಿದ.

ಗೈಡಿಗೆ ಕರೆಂಟ್ ಹೋಗಿತ್ತೆಂದು ಹೇಳಿದೆ. ಅವರು ಟ್ಯೂಬುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, "ಪೋಚ್ಚಮ್ಮಾ, ಎಲ್ಲಾಂ ಪೋಚ್ಚು," ಎಲ್ಲಾ ಹೋಯಿತು, ಎಂದರು. ಇನ್ನೊಮ್ಮೆ ತರಿಸೋಣವೆಂದರೆ ಕೆರೆಯೇ ಇರಲಿಲ್ಲ. ಹಿಂದಿನ ಬೇಸಿಗೆಯಲ್ಲೇ ಅದರ ಐಸಿನ ದಂಡೆ ಒಡೆದು, ನೀರೆಲ್ಲ ಕೆಸರಿನ ಸಮೇತ ಸಮುದ್ರಕ್ಕೆ ಹರಿದುಹೋಗಿತ್ತು.

ಆದರೂ ಓದಿಸಿದೆವು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಬಂದದ್ದು ಬರೀ ಹುಡಿ, ಯಾವುದೂ ಯಾವುದಕ್ಕೂ ಕೂಡಲಿಲ್ಲ. ನೆಟ್ಟಗೆ ಹೆಸರು ಹಿಡಿದು ಹೇಳಬಹುದಾದವು ಕೆಲವೇ: ಮನುಷ್ಯರ ಚರ್ಮದ ಮೇಲೆ, ನಲ್ಲಿ ನೀರಿನಲ್ಲಿ ಇರುವಂಥವು. ನಮ್ಮ ಕೈಯಿಂದ, ನಮ್ಮ ಲ್ಯಾಬಿನಿಂದಲೇ ಬೆರೆತುಕೊಂಡವು.

ನಾನು ಸ್ಕ್ರೀನ್ ನೋಡುತ್ತಾ ಕೂತಿದ್ದಾಗ ಅಪ್ಪ ಟೀ ತಂದ.

"ಬಂತಾ ಕಣ್ಣು? ಏನವೆ ಅಲ್ಲಿ?"

"ನಮ್ಮ ಮೈಮೇಲೆ ಇರೋವೇ ಅಪ್ಪಾ," ಅಂದೆ. ನಿಜವನ್ನು ಅಷ್ಟಾದರೂ ಹೇಳಬಲ್ಲೆ ಎಂದುಕೊಂಡಿದ್ದೆ.

ಅಪ್ಪನ ಮುಖ ಅರಳಿತು. "ಅಷ್ಟು ದೂರ, ಆ ಐಸ್‌ನಾಗೂ ನಮ್ಮವೇ ಅವಾ? ನೋಡ್ದಾ! ಪೂಜೆ ಮಾಡಿದ್ದು ಸುಮ್ನೆ ಓಗ್ಲಿಲ್ಲ."

ಹೂಂ ಅಂದೆ.

ನನ್ನ ಪಿಎಚ್.ಡಿ. ಅಲ್ಲಿಗೇ ನಿಂತಿತು. ಈಗ ಪಾಲಕೋಡಿನ ಒಂದು ಸ್ಕೂಲಿನಲ್ಲಿ ಸೈನ್ಸ್ ಟೀಚರ್. ಹುಡುಗಿಗೆ ಓದು ಬೇಜಾರಾಯ್ತು ಎಂದು ಅಪ್ಪ ತಿಳಿದುಕೊಂಡಿದ್ದಾನೆ. ಆದರೂ ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಾನೆ: ಭೂಮಿಯ ಆ ತುದಿಯ ಕೆರೆಯಲ್ಲೂ ನಮ್ಮ ಮೈಮೇಲಿನ ಜೀವಗಳೇ ಇವೆ, ನನ್ನ ಮಗಳು ಕಂಡುಹಿಡಿದಳು. ಅವರು ಬಂದು ನಿಜವೇನಮ್ಮಾ ಎಂದು ನನ್ನನ್ನು ಕೇಳುತ್ತಾರೆ. ನಿಜ ಎನ್ನುತ್ತೇನೆ. ಆ ಕೆರೆಯ ಜೀವಿಗಳ ಬಗ್ಗೆ ಲೋಕದಲ್ಲಿ ಯಾರಾದರೂ ಆಡುವ ಮಾತು ಇನ್ನು ಇದೊಂದೇ, ಅದೂ ಸುಳ್ಳು.