ತಳದಲ್ಲಿ ಇಬ್ಬರು, ಬುಡದಲ್ಲಿ ಒಬ್ಬ

ಇವತ್ತು ಬೆಳಿಗ್ಗೆ ಹಾಲು ತಳ ಹಿಡಿಯಿತು. ಪೇಪರಿನಲ್ಲಿ ಮುಳುಗಿದ್ದ ನನಗೆ ವಾಸನೆ ಬರುವಷ್ಟರಲ್ಲಿ ಪಾತ್ರೆ ಕಪ್ಪಾಗಿತ್ತು. ಮೊಮ್ಮಗಳು ಓಡಿಹೋಗಿ ಗ್ಯಾಸ್ ಆರಿಸಿ, "ಅಜ್ಜಿ, ದೂಧ್ ನೀಚೇ ಸೇ ಜಲ್ ಗಯಾ" ಎಂದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಆಡಲು ಹೋದರೆ ತಡವರಿಸುತ್ತಾಳೆ. 'ತಳ ಹಿಡಿಯಿತು ಅನ್ನು' ಎಂದು ತಿದ್ದಲು ಬಾಯಿ ತೆರೆದವಳು ಸುಮ್ಮನಾದೆ. 'ಕೆಳಗೆ' ಎನ್ನುವ ಆ 'ನೀಚೇ' ಪದದ ವಿಷಯದಲ್ಲಿ ಇನ್ನೊಬ್ಬರನ್ನು ತಿದ್ದುವ ಯೋಗ್ಯತೆ ನನಗಿಲ್ಲ. ಯಾಕೆಂದು ಹೇಳುತ್ತೇನೆ, ಕೇಳಿ.

ಧಾರವಾಡದಿಂದ ಮದುವೆಯಾಗಿ ಮುಂಬಯಿಗೆ ಬಂದವಳು ನಾನು. ಫೋರ್ಟಿನ ಬ್ಯಾಂಕೊಂದರಲ್ಲಿ ದುಡಿದು ನಿವೃತ್ತಳಾಗಿ ದಾದರಿನ ಹಳೆಯ ಬಿಲ್ಡಿಂಗಿನಲ್ಲಿದ್ದೇನೆ. ನನ್ನ ಕನ್ನಡದ ಬಗ್ಗೆ ನನಗೆ ಅಗತ್ಯಕ್ಕಿಂತ ತುಸು ಹೆಚ್ಚೇ ಹೆಮ್ಮೆಯಿತ್ತು. ಕೆಲವು ವರ್ಷಗಳ ಹಿಂದೆ, ನಾವು ಕನ್ನಡದವರು ಭಾನುವಾರ ಸೇರುವ ಕೂಟದಲ್ಲಿ 'ಕೆಳಗೆ' ಎನ್ನುವುದಕ್ಕೆ ನಮ್ಮಲ್ಲಿ ಎಷ್ಟು ಮಾತುಗಳಿವೆ ಎಂದು ಭಾಷಣ ಬಿಗಿದಿದ್ದೆ. ಕೊಡಕ್ಕೆ ತಳ, ಗಿಡಕ್ಕೆ ಬುಡ. ಊರು ಬಿಟ್ಟು ಬಂದವರು ಮುಂಬಯಿಯಲ್ಲಿ ತಳ ಊರುತ್ತಾರೆ. ಬುಡ ಸಡಿಲಾದ ಗೋಡೆ ಬೀಳುತ್ತದೆ. ತಳ ಬೇರೆ, ಬುಡ ಬೇರೆ ಎಂದು ಕೈಯೆತ್ತಿ ಹೇಳಿದೆ. ಇದ್ದ ಹನ್ನೊಂದು ಜನ ಚಪ್ಪಾಳೆ ತಟ್ಟಿದರು.

ನಾಲ್ಕು ದಿನ ಕಳೆದಿರಬೇಕು. ಮಳೆ ಬಿಡದೆ ಸುರಿಯುತ್ತಿದ್ದ ಒಂದು ಮಧ್ಯಾಹ್ನ, ನಮ್ಮ ಕಾಂಪೌಂಡ್ ಗೋಡೆಯ ಆಚೆ ಹೊಸ ಬಿಲ್ಡಿಂಗಿನ ಪಾಯಕ್ಕೆಂದು ತೋಡಿದ್ದ ಗುಂಡಿಯಲ್ಲಿ ಮಣ್ಣು ಕುಸಿಯಿತು. ಊಟದ ಹೊತ್ತು. ಗುಂಡಿಯಲ್ಲಿ ಯಾರಿದ್ದರೆಂದು ಕಂಡವಳು ಶಾಂತವ್ವ ಒಬ್ಬಳೇ. ವಿಜಯಪುರದ ಕಡೆಯವಳು, ಗಂಡ ಬಸಪ್ಪನ ಜೊತೆ ಅಲ್ಲೇ ಕೆಲಸಕ್ಕಿದ್ದಳು. ದಿನಾ ನಮ್ಮ ನಲ್ಲಿಯಲ್ಲಿ ಕುಡಿಯುವ ನೀರು ಹಿಡಿಯಲು ಬಂದಾಗ ನಾಲ್ಕು ಮಾತಾಡಿ ಹೋಗುತ್ತಿದ್ದಳು. ಅಗ್ನಿಶಾಮಕದವರಿಗೆ ಅವಳ ಮಾತು ತಿಳಿಯದು, ಅವಳಿಗೆ ಅವರದು. ನಾನು ಕೊಡೆಯನ್ನೂ ಮರೆತು ಓಡಿದೆ.

"ತಳದಾಗ ಇಬ್ರು ಅದಾರ್ರೀ ಅಕ್ಕಾರ! ಬುಡಕ ನಮ್ಮ ಮನಿಯವ್ರು ಅದಾರ!"

ನಾನು ಅಗ್ನಿಶಾಮಕದ ಅಧಿಕಾರಿಯ ಕಡೆ ತಿರುಗಿ, "ನೀಚೇ ತೀನ್ ಆದ್ಮೀ ಹೈ" ಎಂದೆ.

ಕೆಳಗೆ ಮೂವರು ಎಂಬ ಎಣಿಕೆ ಸರಿಯಾಗಿತ್ತು. ಹಿಂದಿಯಲ್ಲಿ ಬೇರೆ ಮಾತುಗಳಿಲ್ಲವೆಂದಲ್ಲ, ನನ್ನ ಹಿಂದಿಯಲ್ಲಿ ಇರಲಿಲ್ಲ. ತರಕಾರಿಯವನಿಗೂ ಲಿಫ್ಟಿನವನಿಗೂ ಅಷ್ಟು ವರ್ಷ ಸಾಕಾಗಿದ್ದ ಒಂದೇ ಪದ ತಾನಾಗಿ ಬಾಯಿಗೆ ಬಂತು.

ಅವರು ಗುಂಡಿಯ ನಡುವೆ ಅಗೆದರು. ತಾಸಿನೊಳಗೆ ಇಬ್ಬರನ್ನು ತೆಗೆದರು, ಇಬ್ಬರಿಗೂ ಉಸಿರಿತ್ತು. ಮೂರನೆಯವನು ಸಿಗಲಿಲ್ಲ. ಇನ್ನೂ ಆಳದಲ್ಲಿರಬೇಕೆಂದು ಅಲ್ಲೇ ಅಗೆಯುತ್ತ ಹೋದರು. ತೆಗೆದ ಮಣ್ಣನ್ನು ನಮ್ಮ ಗೋಡೆಯ ಕಡೆ ಎಸೆಯುತ್ತಿದ್ದರು. ಮಳೆಗೆ ಕಣ್ಣು ಬಿಡಲಾಗದೆ, ಅಗ್ನಿಶಾಮಕದವರು ಕಟ್ಟಿದ್ದ ಹಗ್ಗದ ಆಚೆ ನಿಂತಿದ್ದ ಶಾಂತವ್ವನಿಗೆ ಅದು ಕಂಡಿದ್ದು ಆಗಲೇ.

"ಅಲ್ಲಲ್ರೀ! ಗ್ವಾಡಿ ಬುಡಕ! ಆಗಳೇ ಹೇಳೀನಲ್ರೀ, ಬುಡಕ ಅದಾರಂತ!"

"ದೀವಾರ್! ದೀವಾರ್ ಕೇ ಪಾಸ್!" ಎಂದು ಗೋಡೆಯ ಬುಡ ತೋರಿಸುತ್ತ ಅಧಿಕಾರಿಯ ತೋಳು ಹಿಡಿದು ಕಿರುಚಿದೆ.

ಅಲ್ಲಿ ಅಗೆದಾಗ, ಓರೆಯಾಗಿ ಬಿದ್ದಿದ್ದ ಹಲಗೆಯೊಂದರ ಸಂದಿಯಲ್ಲಿ ಬಸಪ್ಪ ಸಿಕ್ಕ. ಜೀವ ಉಳಿಯಿತು. ಕಲ್ಲಿನಡಿ ಸಿಕ್ಕಿದ್ದ ಬಲಗಾಲು ಉಳಿಯಲಿಲ್ಲ. ಮೊದಲೇ ತೆಗೆದಿದ್ದರೆ ಉಳಿಯುತ್ತಿತ್ತೇ ಎಂದು ನಾನು ಯಾವ ಡಾಕ್ಟರನ್ನೂ ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ.

ಮೂರನೆಯ ದಿನ ಆಸ್ಪತ್ರೆಗೆ ಹೋಗಿ ಶಾಂತವ್ವನಿಗೆ ನಡೆದದ್ದನ್ನು ಹೇಳಿದೆ. "ನೀ ಹೇಳಿದ್ದನ್ನ ನಾ ಪೂರ್ತಿ ಹೇಳಲಿಲ್ಲವ್ವಾ. ತಪ್ಪು ನಂದು."

ಅವಳು, "ನಿಮಗ ಕನ್ನಡ ಬರತೈತಲ್ರೀ" ಎಂದಳು.

ಎದ್ದು ಹೊರಟ ನನ್ನನ್ನು ಅವಳೇ ಕರೆದಳು. "ನಾಳಿ ದೊಡ್ಡ ಡಾಕ್ಟರ್ ಬರ್ತಾರಂತ. ನೀವು ಬರ್ರಿ. ಆದ್ರ ನಾವು ಹೇಳಿದ್ದು ಹೇಳಿದಂಗ ಹೇಳ್ರಿ."

ಮರುದಿನ ಡಾಕ್ಟರು ಎಲ್ಲಿ ನೋವೆಂದು ಕೇಳಿದರು. ಬಸಪ್ಪ ಕಣ್ಣು ಮುಚ್ಚಿಕೊಂಡೇ, "ಬಲಗಾಲಿನ ಅಂಗಾಲು ಉರೀತೈತ್ರಿ" ಎಂದ. ನಾನು ಹಾಸಿಗೆ ನೋಡಿದೆ. ಹೊದಿಕೆ ಮೊಣಕಾಲಿನ ಕೆಳಗೆ ಚಪ್ಪಟೆಯಾಗಿತ್ತು. ಅವನು ತಪ್ಪು ಹೇಳಿರಬೇಕು, 'ಕಾಲು ನೋವು' ಎಂದರೆ ಸಾಕು ಎನಿಸಿತು. ಶಾಂತವ್ವ ನನ್ನ ಬಾಯನ್ನೇ ನೋಡುತ್ತಿದ್ದಳು. ಬಲಗಾಲಿನ ಅಂಗಾಲು ಉರಿಯುತ್ತಿದೆಯಂತೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಡಾಕ್ಟರು ನಗಲಿಲ್ಲ. ಹೋದ ಕಾಲು ಹಾಗೆ ನೋಯುವುದುಂಟು, ಹೇಳಿದ್ದು ಒಳ್ಳೆಯದಾಯಿತು ಎಂದು ಔಷಧಿ ಬದಲಿಸಿದರು.

ಅಂದಿನಿಂದ ವಾರಕ್ಕೆರಡು ಸಲ ಆ ಆಸ್ಪತ್ರೆಗೆ ಹೋಗುತ್ತೇನೆ, ನಮ್ಮ ಕಡೆಯವರ ಮಾತು ಡಾಕ್ಟರಿಗೆ ಮುಟ್ಟಿಸಲು. ಭಾಷಣ ಮಾಡುವುದನ್ನು ಬಿಟ್ಟಿದ್ದೇನೆ. ಈಗಲೂ ಅಲ್ಲಿಗೇ ಹೊರಟಿದ್ದೇನೆ. ಕಲಬುರಗಿಯ ಮುದುಕಿಯೊಬ್ಬಳು ಮೊನ್ನೆಯಿಂದ ಎದೆಯ ಮೇಲೆ ಕೈಯಿಟ್ಟು "ತಳಮಳ, ತಳಮಳ" ಎನ್ನುತ್ತಿದ್ದಾಳೆ. ಅದಕ್ಕೆ ಹಿಂದಿಯಲ್ಲಿ ಏನೆನ್ನಬೇಕೋ ನನಗೆ ಹೊಳೆದಿಲ್ಲ. ಹೊಳೆಯುವವರೆಗೆ, ಹೊಳೆದಿಲ್ಲವೆಂದೇ ಡಾಕ್ಟರಿಗೆ ಹೇಳುತ್ತೇನೆ.